ರವದಿ, ಬೋರ್ ನೀರು, ಅಹವಾಲು: ಬರವಣಿಗೆಯ ಇಂಟರ್ನ್‌ಶಿಪ್‌ನಲ್ಲಿ ಕಲಿತದ್ದು

(ಬಾಗಲಕೋಟೆಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮುಧೋಳ, ಜಮಖಂಡಿ, ಬೀಳಗಿ ಕಡೆಯವರು ಕೈ ಎತ್ತಿ ಅಂದಾಗ ಅರ್ಧಕ್ಕರ್ಧ ಕೈ ಮೇಲೆ ಬಂದವು. ಅಂದರೆ ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಕಬ್ಬು ಇದೆ. ಹಾಗಾಗಿ ನನ್ನ ಮಾತನ್ನೂ ಕಬ್ಬಿನ ರವದಿಯಿಂದಲೇ ಶುರು ಮಾಡುತ್ತೇನೆ.

ಅದಕ್ಕೂ ಮೊದಲು, ನಾನು ಇಂಟರ್ನ್ ಆಗಿದ್ದ ಸಂಸ್ಥೆ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಅಲ್ಲಿ ನೀರು, ಮಣ್ಣು ಪರೀಕ್ಷೆ ಮಾಡುತ್ತಾರೆ. ಕಾರ್ಖಾನೆಯ ಚಿಮಣಿಯಿಂದ ಏನು ಹೊರಗೆ ಬರುತ್ತಿದೆ ಅಂತ ಅಳೆಯುತ್ತಾರೆ. ಹೊಸ ಕಾರ್ಖಾನೆ ಬರುವಾಗ ಸುತ್ತಲಿನ ಊರುಗಳಿಗೆ ಏನಾಗಬಹುದು ಅಂತ ವರದಿ ತಯಾರು ಮಾಡುತ್ತಾರೆ. ಕಸದ ವಿಲೇವಾರಿಗೆ ಗ್ರಾಮ ಪಂಚಾಯ್ತಿಗಳಿಗೆ ಸಲಹೆ ಕೊಡುತ್ತಾರೆ. ನಾನು ಪತ್ರಿಕೋದ್ಯಮದ ಎಂ.ಎ. ವಿದ್ಯಾರ್ಥಿನಿ. ಲ್ಯಾಬ್‌ನವರು ಅಳೆಯುತ್ತಾರೆ, ಅಳೆದದ್ದನ್ನು ಜನರಿಗೆ ಮುಟ್ಟಿಸುವ ಬರಹ ನನ್ನ ಪಾಲಿಗೆ ಬಂತು. ಕರಪತ್ರ, ಗೋಡೆ ಬರಹ, ಕಸದ ಗಾಡಿಯ ಮೈಕಿನಲ್ಲಿ ಹಾಕುವ ಮಾತು, ನೀರಿನ ಪರೀಕ್ಷೆಯ ಫಲಿತಾಂಶದ ಜೊತೆ ಪಂಚಾಯ್ತಿಗೆ ಕೊಡುವ ಒಂದು ಪುಟದ ಕಾಗದ, ದೊಡ್ಡ ವರದಿಗಳ ಕನ್ನಡ ಸಾರಾಂಶ. ಇವೆಲ್ಲ ನನ್ನ ಮೇಜಿಗೆ ಬರುತ್ತಿದ್ದವು.

ಈಗ ರವದಿ. ಊರಿನವರಲ್ಲದವರಿಗೆ ಹೇಳುವುದಾದರೆ, ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿ. ಒಂದು ಎಕರೆಗೆ ಸುಮಾರು 3ರಿಂದ 4 ಟನ್ ಬೀಳುತ್ತದೆ. ಅದಕ್ಕೆ ಬೆಂಕಿ ಹಚ್ಚುವುದು ನಮ್ಮಲ್ಲಿ ರೂಢಿ. ಹಂಗಾಮಿನಲ್ಲಿ ಸಂಜೆ ಹೊತ್ತು ಮುಧೋಳದಿಂದ ಮಹಾಲಿಂಗಪುರದ ಕಡೆ ಬಸ್ಸಿನಲ್ಲಿ ಹೋದರೆ ದಾರಿಯುದ್ದಕ್ಕೂ ಹೊಗೆ. ಸುಟ್ಟಾಗ ರವದಿಯಲ್ಲಿದ್ದ ಸಾರಜನಕ, ಇಂಗಾಲ ಗಾಳಿಗೆ ಹೋಗುತ್ತವೆ. ಮೇಲಿನ ಮಣ್ಣಿನ ಜೀವಾಣು ಸಾಯುತ್ತವೆ. ಅದೇ ರವದಿ ನೆಲದ ಮೇಲೆ ಬಿದ್ದಿದ್ದರೆ ತೇವ ಹಿಡಿದಿಡುತ್ತದೆ, ಕಳೆ ಕಡಿಮೆಯಾಗುತ್ತದೆ, ಕೊಳೆತ ಮೇಲೆ ಗೊಬ್ಬರ ಆಗುತ್ತದೆ. ಇದನ್ನು ಕೃಷಿ ವಿಶ್ವವಿದ್ಯಾಲಯದವರು, ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯವರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ.

ಸಂಸ್ಥೆಯಲ್ಲಿ ಆಗಲೇ ಒಂದು ಕರಪತ್ರ ಇತ್ತು. ಮೇಲೆ ಭೂಮಿಯ ಗೋಲದ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, 'ರವದಿ ಸುಡಬೇಡಿ, ಪರಿಸರ ಉಳಿಸಿ'. ಆಮೇಲೆ ಸುಡುವುದರಿಂದ ಆಗುವ ಹಾನಿಗಳ ಉದ್ದ ಪಟ್ಟಿ. ಅದನ್ನು ಹೊಸದಾಗಿ ಬರೆದುಕೊಡು ಅಂದರು. ಬರೆಯುವ ಮೊದಲು ಹೊಲಕ್ಕೆ ಹೋಗಿಬರುತ್ತೇನೆ ಅಂದೆ. ಇಂಟರ್ನ್ ಆಗುವವರು ಇದನ್ನು ಮೊದಲ ವಾರವೇ ಕೇಳಿಬಿಡಬೇಕು, ಆಮೇಲೆ ಕೇಳಲು ಸಂಕೋಚ ಆಗುತ್ತದೆ.

ಮುಧೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಗಷ್ಟೇ ಗ್ಯಾಂಗ್ ಕಬ್ಬು ಕಡಿದು ಹೋಗಿತ್ತು. ಹೊಲದ ಯಜಮಾನರು ಬದುವಿನ ಮೇಲೆ ಕೂತಿದ್ದರು. 'ಕಾಕಾ, ರವದಿ ಯಾಕ ಸುಡ್ತೀರಿ?' ಅಂತ ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ.

'ತಂಗಿ, ಸುಡೂದು ಚಲೋ ಅಲ್ಲಂತ ನನಗೂ ಗೊತ್ತೈತಿ. ಆದ್ರ ರವದಿ ಸಾಲಾಗ ಬಿದ್ರ ನೀರ ಮುಂದಕ್ಕ ಹೋಗಂಗಿಲ್ಲ. ಮ್ಯಾಲ ಕರೆಂಟ ಇರೂದ ಸ್ವಲ್ಪ ಹೊತ್ತು. ಅಷ್ಟರಾಗ ಹೊಲಾ ಹಾಯಬೇಕು. ರವದಿ ಆರಿಸಾಕ ಆಳ ಸಿಗಂಗಿಲ್ಲ. ಒಳಗ ಹಾವ ಇರ್ತಾವ. ಮತ್ತ ನಾ ಸುಡದ ಬಿಟ್ರೂ ಬಾಜೂದವ ಹಚ್ಚಿದ್ರ ನನ್ನ ಹೊಲಾನೂ ಹತ್ತತೈತಿ. ಆವಾಗ ಚಿಗತ ಕೂಳಿ ಸುಟ್ಟ ಹೋಗತೈತಿ.'

ಕೂಳಿ ಅಂದರೆ ಕೂಳೆ, ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕಬ್ಬು. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ನೀರು, ಕರೆಂಟು, ಆಳು, ಹಾವು, ಬಾಜೂ ಹೊಲದ ಬೆಂಕಿ. ನಮ್ಮ ಕರಪತ್ರದ ಪಟ್ಟಿಯಲ್ಲಿ ಇದರಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದನ್ನೇ ನಾವು ಮತ್ತೆ ಹೇಳುತ್ತಿದ್ದೆವು, ಅವರಿಗೆ ಬೇಕಾದದ್ದನ್ನು ಹೇಳುತ್ತಿರಲಿಲ್ಲ. ಕೊನೆಯ ಮಾತಂತೂ ನನಗೆ ಬಹಳ ದಿನ ಕಾಡಿತು. ಸುಡದೆ ಬಿಟ್ಟ ರೈತನಿಗೇ ನಷ್ಟ ಜಾಸ್ತಿ ಆಗುವ ಸಾಧ್ಯತೆ ಇದೆ, ಯಾಕೆಂದರೆ ಅವನ ಹೊಲದಲ್ಲಿ ಒಣ ರವದಿ ಹಾಗೇ ಇರುತ್ತದೆ, ಕಿಡಿ ಬಿದ್ದರೆ ಮುಗಿಯಿತು. ಹೀಗಿರುವಾಗ ಒಬ್ಬನಿಗೇ 'ಸುಡಬೇಡ' ಅಂದರೆ ಆ ಮಾತು ನಿಲ್ಲುವುದಿಲ್ಲ. ಅಕ್ಕಪಕ್ಕದ ನಾಲ್ಕು ಹೊಲದವರಿಗೂ ಒಟ್ಟಿಗೆ ಹೇಳಬೇಕಾಗುತ್ತದೆ.

ನಂತರ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಸುಡದೆ ಕೂಳೆ ಬೆಳೆ ತೆಗೆದ ಒಂದಿಬ್ಬರು ರೈತರನ್ನು ಹುಡುಕಿ ಮಾತಾಡಿಸಿ, ಹೊಸ ಕರಪತ್ರ ಬರೆದೆ. ಅದರಲ್ಲಿ ಇದ್ದದ್ದು ಇಷ್ಟು:

'ಕಬ್ಬು ಕಡಿದ ಮೇಲೆ ರವದಿ ಏನು ಮಾಡುವುದು? ಗ್ಯಾಂಗ್ ಹೋದ ಮೇಲೆ ರವದಿಯನ್ನು ಸಾಲು ಬಿಟ್ಟು ಸಾಲಿಗೆ ಎಳೆದು ಹಾಕಿ. ಖಾಲಿ ಸಾಲಿನಲ್ಲಿ ನೀರು ಹಾಯಿಸಿ. ನೀರು ತಡೆಯಿಲ್ಲದೆ ಹೋಗುತ್ತದೆ. ಕೂಳೆಯ ಬುಡವನ್ನು ನೆಲದ ಮಟ್ಟಕ್ಕೆ ಸವರಿ, ಚಿಗುರು ಒಂದೇ ಸಮ ಬರುತ್ತದೆ. ಆಳು ಸಿಗದಿದ್ದರೆ ಟ್ರ್ಯಾಕ್ಟರ್‌ಗೆ ಜೋಡಿಸುವ ರವದಿ ಪುಡಿ ಮಾಡುವ ಯಂತ್ರ ಇದೆ. ಬಾಡಿಗೆಗೆ ಸಿಗುತ್ತದೆಯೇ ಅಂತ ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಿ. ಬಾಜೂ ಹೊಲದವರು ಸುಡುವವರಿದ್ದರೆ ಬದುವಿನ ಗುಂಟ ನಾಲ್ಕು ಮಾರು ಜಾಗದಲ್ಲಿ ರವದಿ ಇಲ್ಲದಂತೆ ಎಳೆದುಬಿಡಿ. ಈ ಕಾಗದವನ್ನು ಅವರಿಗೂ ತೋರಿಸಿ.'

ಇದರಲ್ಲಿ 'ಪರಿಸರ' ಅನ್ನುವುದು ಎಲ್ಲಿಯೂ ಇಲ್ಲ. ಅದರ ಅಗತ್ಯ ಬರಲಿಲ್ಲ. ಓದಿದ ರೈತ ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗಿ ಏನು ಮಾಡಬೇಕು ಅನ್ನುವುದು ಇದೆ. ಆ ಸಂಸ್ಥೆಯಲ್ಲಿ ನಾನು ಕಲಿತ ಎಲ್ಲವೂ ಇದರ ಸುತ್ತಲೇ ಇದೆ: ಯಾರು ಮಾಡಬೇಕು, ಯಾವಾಗ, ಎಷ್ಟು, ತೊಂದರೆ ಬಂದರೆ ಯಾರ ಹತ್ತಿರ ಹೋಗಬೇಕು. ಇದು ಬರಹದಲ್ಲಿ ಇಲ್ಲದಿದ್ದರೆ ಆ ಬರಹ ಇನ್ನೂ ಮುಗಿದಿಲ್ಲ ಅಂತಲೇ ನಾನು ತಿಳಿಯುತ್ತೇನೆ.

ಕರಪತ್ರ ಯಾವಾಗ ಹಂಚಬೇಕು, ಎಲ್ಲಿ ಹಂಚಬೇಕು ಅನ್ನುವುದೂ ಬರೆಯುವವರ ಕೆಲಸವೇ. ಕಬ್ಬು ಕಡಿದ ಎರಡು ಮೂರು ದಿನದಲ್ಲೇ ಬೆಂಕಿ ಬೀಳುತ್ತದೆ. ಕಡಿದ ಮೇಲೆ ಕಾಗದ ಸಿಕ್ಕರೆ ಪ್ರಯೋಜನ ಇಲ್ಲ. ಸಂತೆಯಲ್ಲಿ ಕೊಟ್ಟರೆ ಅದರಲ್ಲಿ ಚುರಮುರಿ ಕಟ್ಟುತ್ತಾರೆ. ಗೊಬ್ಬರದ ಅಂಗಡಿಯಲ್ಲಿ, ಸೊಸೈಟಿಯಲ್ಲಿ ಇಟ್ಟರೆ ಹಂಗಾಮಿಗೆ ಮೊದಲು ರೈತರು ಹೇಗೂ ಅಲ್ಲಿಗೆ ಬರುತ್ತಾರೆ. ಗೊಬ್ಬರದ ಅಂಗಡಿಯವರೇ ಇನ್ನೊಂದು ಮಾತು ಹೇಳಿದರು: 'ಮೇಡಮ್ಮಾರ, ಅಕ್ಷರ ದೊಡ್ಡು ಮಾಡ್ರಿ. ಚಷ್ಮಾ ಮನ್ಯಾಗ ಬಿಟ್ಟ ಬಂದಿರ್ತಾರ.' ಅಕ್ಷರ ದೊಡ್ಡದು ಮಾಡಿದೆವು. ಅದಕ್ಕಾಗಿ ಎರಡು ವಾಕ್ಯ ಕಡಿಮೆ ಮಾಡಬೇಕಾಯಿತು. ವಾಕ್ಯ ಹೋದದ್ದರಿಂದ ಏನೂ ನಷ್ಟ ಆಗಲಿಲ್ಲ.

ಮಣ್ಣಿನ ಮಾತು ಬಂದಾಗ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಹಿಡಕಲ್ ಅಣೆಕಟ್ಟಿನಿಂದ ಬರುವ ಘಟಪ್ರಭಾ ಕಾಲುವೆಯ ಸುತ್ತ, ಕೃಷ್ಣೆಯ ದಂಡೆಯ ಗುಂಟ ಬಹಳ ಕಡೆ ಭೂಮಿ ಸವಳು-ಜವಳಾಗಿದೆ, ಅಂದರೆ ಉಪ್ಪು ಹಿಡಿದು, ನೀರು ನಿಂತು ಕೆಟ್ಟಿದೆ. ಎರೆ ಮಣ್ಣು, ನೀರು ಬೇಗ ಇಳಿಯುವುದಿಲ್ಲ. ಕಬ್ಬಿಗೆ ಅಂತ ವರ್ಷವಿಡೀ ನೀರು ಹಾಯಿಸಿದರೆ ತಳದ ಉಪ್ಪು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಪದರ ಕಾಣುತ್ತದೆ. ಆ ಹೊಲಗಳ ಮಣ್ಣು ತೆಗೆಯುವವರ ಜೊತೆ ನಾನೂ ಹೋಗುತ್ತಿದ್ದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಅಲ್ಲಲ್ಲಿ ವಿ ಆಕಾರದಲ್ಲಿ ಆರು ಇಂಚು ಅಗೆದು, ಗೋಡೆಯ ಮಣ್ಣನ್ನು ಮೇಲಿನಿಂದ ಕೆಳಗೆ ಕೆರೆದು ತೆಗೆಯಬೇಕು. ಎಲ್ಲ ಕಲಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕುತ್ತ ಹೋದರೆ ಕೊನೆಗೆ ಅರ್ಧ ಕೆಜಿ ಉಳಿಯುತ್ತದೆ. ಗೊಬ್ಬರದ ತಿಪ್ಪೆ ಇದ್ದ ಜಾಗ, ಬದು, ಗಿಡದ ನೆರಳು ಬಿಡಬೇಕು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ 12 ಅಂಶಗಳನ್ನು ನೋಡುತ್ತಾರೆ. ಕಾರ್ಡು ಬಹಳ ಮನೆಗಳಲ್ಲಿ ಇದೆ. ದೇವರ ಫೋಟೊದ ಹಿಂದೆ ಸಿಕ್ಕಿಸಿ ಇಟ್ಟಿರುತ್ತಾರೆ, ಯಾಕೆಂದರೆ ಅದರಲ್ಲಿ ಬರೆದದ್ದು ಓದಿ ಏನು ಮಾಡಬೇಕು ಅಂತ ಬಿಡಿಸಿ ಹೇಳಿದವರಿಲ್ಲ. ನಿಮ್ಮ ಮನೆಯ ಕಾರ್ಡನ್ನು ಇವತ್ತು ಹೋಗಿ ತೆಗೆದು ನೋಡಿ. ವಿದ್ಯುತ್ ವಾಹಕತೆ (ಮಣ್ಣಿನಲ್ಲಿ ಉಪ್ಪು ಎಷ್ಟು ಅಂತ ತೋರಿಸುವುದು), ರಸಸಾರ (ಮಣ್ಣು ಹುಳಿಯೋ ಕ್ಷಾರವೋ ಅಂತ ತೋರಿಸುವುದು) ಎಷ್ಟಿದೆ ಅಂತ ನೋಡಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ. ಪರೀಕ್ಷೆಯಿಲ್ಲದೆ, ಸವಳು ಹೋಗಲಿ ಅಂತ ಸುಮ್ನೆ ಜಿಪ್ಸಂ ತಂದು ಸುರಿಯುವುದು ದುಡ್ಡು ದಂಡ.

ಇನ್ನು ಕುಡಿಯುವ ನೀರು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಕೆಲಸ ಇದೇ.

ಬೋರ್ ನೀರಿನ ಮಾದರಿ ಲ್ಯಾಬ್‌ಗೆ ಬರುತ್ತದೆ. ಫಲಿತಾಂಶ ಒಂದು ಕೋಷ್ಟಕದಲ್ಲಿ ಹೋಗುತ್ತದೆ. ಎಡಗಡೆ ಅಂಶ, ಮಧ್ಯೆ ಸಿಕ್ಕ ಪ್ರಮಾಣ, ಬಲಗಡೆ ಮಿತಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500, 2012ರದ್ದು. ಅದರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲ ಅಂದರೆ 1.5ರ ತನಕ ನಡೆಯುತ್ತದೆ. ನೈಟ್ರೇಟ್ 45 ಮಿಲಿಗ್ರಾಂ, ಅದಕ್ಕೆ ರಿಯಾಯಿತಿ ಇಲ್ಲ. ಕರಗಿದ ಲವಣಗಳ ಒಟ್ಟು ಪ್ರಮಾಣ 500, ಅನಿವಾರ್ಯವಾದರೆ 2000.

ಈಗ ಒಂದು ಊರಿನ ಬೋರ್‌ನಲ್ಲಿ ಫ್ಲೋರೈಡ್ 2.4 ಬಂದಿದೆ ಅಂದುಕೊಳ್ಳಿ. ಕೋಷ್ಟಕದಲ್ಲಿ 'ಮಿತಿ ಮೀರಿದೆ' ಅಂತ ಇರುತ್ತದೆ. ಪಂಚಾಯ್ತಿಯಲ್ಲಿ ಆ ಕಾಗದ ಫೈಲಿಗೆ ಹೋಗುತ್ತದೆ. ನೀರು ತುಂಬಿಕೊಂಡು ಹೋಗುವ ಹೆಣ್ಣುಮಕ್ಕಳಿಗೆ ಬೇರೆಯೇ ಪ್ರಶ್ನೆಗಳಿವೆ. ನಳದ ಹತ್ತಿರ ನಿಂತು ಕೇಳಿದರೆ ಒಂದೊಂದೇ ಬರುತ್ತವೆ. 'ಅಕ್ಕಾರ, ಇದರಾಗ ಅನ್ನಾ ಮಾಡಬಹುದೇನ್ರಿ? ಜಳಕಾ ಮಾಡಿದ್ರ ಮೈಗೆ ಏನರ ಆಗತೈತೇನ್ರಿ? ಕಾಸಿ ಕುಡಿದ್ರ ನಡೀತೈತೇನ್ರಿ? ಸಣ್ಣ ಹುಡುಗರಿಗೆ?'

ಕಾಸಿ ಕುಡಿಯುವ ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲೋಣ. 'ನೀರನ್ನು ಕುದಿಸಿ, ಆರಿಸಿ ಕುಡಿಯಿರಿ' ಅನ್ನುವುದನ್ನು ನಾವೆಲ್ಲ ಶಾಲೆಯ ಗೋಡೆಯ ಮೇಲೆ ಓದಿದ್ದೇವೆ. ಒಳ್ಳೆಯ ಮಾತು. ನೀರಿನಲ್ಲಿ ಕಾಲರಾ, ವಾಂತಿ-ಭೇದಿಯ ರೋಗಾಣು ಇದ್ದರೆ ಕುದಿಸಿದಾಗ ಸಾಯುತ್ತವೆ. ಆದರೆ ಫ್ಲೋರೈಡ್ ಸಾಯುವ ವಸ್ತು ಅಲ್ಲ, ಆವಿಯಾಗಿಯೂ ಹೋಗುವುದಿಲ್ಲ. ನೀರು ಮಾತ್ರ ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. 2.4 ಇದ್ದ ಹತ್ತು ಲೀಟರ್ ನೀರು ಕುದ್ದು ಎಂಟು ಲೀಟರ್ ಆದರೆ ಪ್ರಮಾಣ 3ಕ್ಕೆ ಏರುತ್ತದೆ. ನೈಟ್ರೇಟ್‌ನದ್ದೂ ಇದೇ ಲೆಕ್ಕ. ತಾಯಿಯೊಬ್ಬಳು ಮಗುವಿನ ಒಳ್ಳೆಯದಕ್ಕೆ ಅಂತಲೇ ಕಟ್ಟಿಗೆ ಉರಿಸಿ, ಕಣ್ಣಲ್ಲಿ ನೀರು ಬರಿಸಿಕೊಂಡು ಆ ನೀರನ್ನು ಕಾಸುತ್ತಾಳೆ. ಅದರಿಂದ ತೊಂದರೆ ಹೆಚ್ಚೇ ಆಗುತ್ತದೆ. ಅವಳಿಗೆ ಈ ವ್ಯತ್ಯಾಸ ಹೇಳದೆ ಇರುವುದು ಅನ್ಯಾಯ. ನನಗೆ ಇದನ್ನು ಹೇಳುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಾಗಾಗಿ ಒಂದು ಪುಟದ ಕಾಗದ ಹೀಗೆ ಆಯಿತು. ಮೊದಲ ಸಾಲಿನಲ್ಲಿ ಯಾವ ಬೋರ್ ಅಂತ. ನಂಬರ್ ಬರೆದರೆ ಯಾರಿಗೂ ತಿಳಿಯುವುದಿಲ್ಲ, 'ಹನುಮಪ್ಪನ ಗುಡಿಯ ಹಿಂದಿನ ಬೋರ್' ಅಂದರೆ ಇಡೀ ಊರಿಗೆ ತಿಳಿಯುತ್ತದೆ. ಎರಡನೆಯ ಸಾಲು: 'ಈ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಕಾಸಿದರೂ ಫ್ಲೋರೈಡ್ ಹೋಗುವುದಿಲ್ಲ.' ಮೂರನೆಯದು: 'ಸ್ನಾನಕ್ಕೆ, ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ಬಳಸಬಹುದು.' ಆಮೇಲೆ ಮಕ್ಕಳ ಮಾತು. ಹಲ್ಲು ಒಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ತನಕ, ಫ್ಲೋರೈಡ್ ಜಾಸ್ತಿ ಹೋದರೆ ಹಲ್ಲಿನ ಮೇಲೆ ಕಂದು ಗೆರೆ, ಕಲೆ ಬೀಳುತ್ತವೆ. ಬಿದ್ದ ಮೇಲೆ ಉಜ್ಜಿದರೆ ಹೋಗುವುದಿಲ್ಲ. ಬಹಳ ವರ್ಷ ಕುಡಿದರೆ ಮೂಳೆ, ಕೀಲು ಹಿಡಿಯುತ್ತವೆ. ಆದ್ದರಿಂದ ಒಳ್ಳೆಯ ನೀರು ಸ್ವಲ್ಪವೇ ಸಿಗುವುದಾದರೆ ಅದು ಮೊದಲು ಅಂಗನವಾಡಿಗೆ, ಶಾಲೆಗೆ, ಸಣ್ಣ ಮಕ್ಕಳಿರುವ ಮನೆಗೆ. ಕೊನೆಗೆ ಯಾವ ನಳದ ನೀರು ಕುಡಿಯಬಹುದು ಅಂತ ಜಾಗದ ಹೆಸರು. ಯಾವುದನ್ನು ಬಿಡಬೇಕು ಅಂತ ಹೇಳಿ, ಯಾವುದನ್ನು ಕುಡಿಯಬೇಕು ಅಂತ ಹೇಳದೆ ಹೋಗಬಾರದು.

ಸಂಖ್ಯೆಯ ವಿಷಯದಲ್ಲಿ ಲ್ಯಾಬ್‌ನ ಮೇಡಂ ಬಹಳ ಕಟ್ಟುನಿಟ್ಟು. ನಾನು ಬರೆದ ಕಾಗದದ ಪ್ರತಿ ಸಂಖ್ಯೆಯನ್ನೂ ಲ್ಯಾಬ್‌ನ ಮೂಲ ಹಾಳೆಯ ಪಕ್ಕ ಇಟ್ಟು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. 1.5 ಅನ್ನುವಲ್ಲಿ ಚುಕ್ಕೆ ಬಿದ್ದುಹೋದರೆ 15. ಊರಿಗೆ ಊರೇ ಹೆದರುತ್ತದೆ. ಅವರು ಗುರುತು ಹಾಕದ ಕಾಗದ ಹೊರಗೆ ಹೋಗುತ್ತಿರಲಿಲ್ಲ. ನಾವು ಭಾಷೆ ಓದಿದವರು ಚಂದ ಬರೆಯುತ್ತೇವೆ, ಅಳತೆಯ ಕಡೆ ನಮ್ಮ ಗಮನ ಕಡಿಮೆ. ವಿಜ್ಞಾನದವರು ಅಳತೆ ಸರಿಯಾಗಿ ಹೇಳುತ್ತಾರೆ, ಕೇಳುವವರು ಯಾರು ಅನ್ನುವ ಕಡೆ ಅವರ ಗಮನ ಕಡಿಮೆ. ಇಬ್ಬರೂ ಒಂದೇ ಮೇಜಿಗೆ ಕೂರಬೇಕು.

ಇನ್ನೊಂದು. 2019ರ ಆಗಸ್ಟ್ 15ಕ್ಕೆ ಘೋಷಣೆಯಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತ ಇದೆ. ನಿಮ್ಮ ಊರಿನಲ್ಲಿ ಆ ಐವರು ಯಾರು ಅಂತ ವಿಚಾರಿಸಿ. ಅವರು ಪರೀಕ್ಷೆ ಮಾಡಿದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದು ಪಂಚಾಯ್ತಿಯ ಗೋಡೆಗೆ ಹಚ್ಚುವ ಕೆಲಸಕ್ಕೆ ಇಂಟರ್ನ್‌ಶಿಪ್ ಬೇಕಾಗಿಲ್ಲ, ನೀವೇ ಮಾಡಬಹುದು.

ಕಸದ ಗಾಡಿಯ ಕೆಲಸ ಚಿಕ್ಕದು, ಬೇಗ ಹೇಳಿಬಿಡುತ್ತೇನೆ. ಪಂಚಾಯ್ತಿಯ ಸ್ವಚ್ಛ ವಾಹಿನಿಯನ್ನು ಬಹಳ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಮೈಕಿನಲ್ಲಿ ಹಾಕಲು ಒಂದು ಮಾತು ಬರೆದುಕೊಟ್ಟಾಗ ಓಡಿಸುವ ಅಕ್ಕ ಹೇಳಿದರು, 'ಇದು ಮುಗಿಯೂದ್ರಾಗ ಗಾಡಿ ಮುಂದಿನ ಓಣಿಗೆ ಹೋಗಿರ್ತೈತ್ರಿ.' ಅವರ ಜೊತೆ ಗಾಡಿಯಲ್ಲಿ ಒಂದು ಸುತ್ತು ಬಂದೆ. ಹಿಂದೆ ಕೂತು ಕಸ ಬೇರೆ ಮಾಡುತ್ತಿದ್ದವರ ಕೈಗೆ ಅವತ್ತು ಕೈಗವಸು ಇರಲಿಲ್ಲ. ಒಂದು ಚೀಲ ಬಿಚ್ಚಿದರೆ ಒಳಗೆ ಅನ್ನ, ಬ್ಲೇಡು, ಬಳಸಿದ ಪ್ಯಾಡು ಎಲ್ಲ ಒಟ್ಟಿಗೆ. 2016ರ ಘನತ್ಯಾಜ್ಯ ನಿಯಮದಲ್ಲಿ ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಬೇಕು, ಪ್ಯಾಡು-ಡೈಪರ್ ಬೇರೆ ಸುತ್ತಿ ಕೊಡಬೇಕು ಅಂತ ಇತ್ತು. ಅದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಕೈ. 'ಹಸಿ ಕಸ ಹಸಿರು ಬುಟ್ಟಿ. ಒಣ ಕಸ ನೀಲಿ ಬುಟ್ಟಿ. ಪ್ಯಾಡು, ಬ್ಲೇಡು ಪೇಪರಿನಲ್ಲಿ ಸುತ್ತಿ ಬೇರೆ ಕೊಡಿ. ಇದನ್ನು ನಿಮ್ಮ ಊರಿನ ಹೆಣ್ಣುಮಗಳೇ ಕೈಯಿಂದ ಬಿಡಿಸುತ್ತಾಳೆ.' ಅಷ್ಟಕ್ಕೇ ನಿಲ್ಲಿಸಿದೆ.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯ ಅಹವಾಲು ಸಭೆ, ಅಂದರೆ ಕಾರ್ಖಾನೆಯ ಬಗ್ಗೆ ಸುತ್ತಲಿನ ಊರಿನವರ ಮಾತು ಕೇಳುವ ಸಭೆ.

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ದಿನಕ್ಕೆ 5000 ಟನ್ ಅಥವಾ ಅದಕ್ಕಿಂತ ಜಾಸ್ತಿ ಕಬ್ಬು ನುರಿಸುವ ಸಕ್ಕರೆ ಕಾರ್ಖಾನೆಗೆ ಪರಿಸರ ಅನುಮತಿ ಬೇಕು. ಅದಕ್ಕೆ ಒಂದು ದಪ್ಪ ವರದಿ ತಯಾರಾಗುತ್ತದೆ. ಸುತ್ತ 10 ಕಿಲೋಮೀಟರ್ ಒಳಗಿನ ಗಾಳಿ, ನೀರು, ಮಣ್ಣು, ಬೆಳೆ, ಜನಜೀವನ ಎಲ್ಲ ಅದರಲ್ಲಿ ಬರಬೇಕು. ಆಮೇಲೆ ಸಾರ್ವಜನಿಕ ಅಹವಾಲು. ಜನರಿಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ಪತ್ರಿಕೆಯಲ್ಲಿ ಹಾಕಿಸಬೇಕು. ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಹಿರಿಯ ಅಧಿಕಾರಿ ಸಭೆ ನಡೆಸುತ್ತಾರೆ, ಜೊತೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯವರು. ವರದಿಯ ಸಾರಾಂಶ ಕನ್ನಡದಲ್ಲೂ ಇರಲೇಬೇಕು. ಆ ಸಾರಾಂಶವನ್ನು ಪಂಚಾಯ್ತಿ, ಜಿಲ್ಲಾ ಕಚೇರಿಗಳಲ್ಲಿ ನೋಡಲು ಇಡುತ್ತಾರೆ. ನನ್ನ ಪಾಲಿಗೆ ಬಂದದ್ದು ಅದರ ಒಂದು ಭಾಗ.

ನಿಮಗೆ ಒಂದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ವರದಿ ಮಾಡುವ ಸಲಹಾ ಸಂಸ್ಥೆಗೆ ಹಣ ಕೊಡುವವರು ಕಾರ್ಖಾನೆಯವರೇ. ದೇಶದಲ್ಲೆಲ್ಲ ಇದೇ ವ್ಯವಸ್ಥೆ. ಸಂಸ್ಥೆಗೆ ಮಾನ್ಯತೆ ಬೇಕು, ತಪ್ಪು ಮಾಹಿತಿ ಕೊಟ್ಟರೆ ಅನುಮತಿಯೇ ರದ್ದಾಗಬಹುದು, ಅದೆಲ್ಲ ಸರಿ. ಆದರೂ ಹಣ ಯಾರದು ಅನ್ನುವುದು ಬರೆಯುವವರ ತಲೆಯಲ್ಲಿ ಸದಾ ಇರುತ್ತದೆ. ಇದು ಬದಲಾಗಬೇಕು ಅನ್ನುವುದು ನನ್ನ ಅಭಿಪ್ರಾಯ. ಬದಲಾಗುವ ತನಕ ಬರೆಯುವವರ ಕೈಯಲ್ಲಿ ಇರುವುದು ಇಷ್ಟೇ: ಜನರಿಗೆ ಬೇಕಾದ ಸಂಖ್ಯೆ ಸಾರಾಂಶದಿಂದ ಬಿಟ್ಟುಹೋಗದ ಹಾಗೆ ನೋಡಿಕೊಳ್ಳುವುದು. ದಿನಕ್ಕೆ ಎಷ್ಟು ನೀರು ಬೇಕು, ಯಾವ ನದಿಯಿಂದ, ಬೇಸಿಗೆಯಲ್ಲಿ ನದಿ ಬತ್ತಿದರೆ ಎಲ್ಲಿಂದ? ಬಾಯ್ಲರ್‌ನ ಬೂದಿ ಎಲ್ಲಿಗೆ ಹೋಗುತ್ತದೆ? ಡಿಸ್ಟಿಲರಿ (ಮದ್ಯಸಾರ ತಯಾರಿಸುವ ಘಟಕ) ಇದ್ದರೆ ಅದರ ಕಪ್ಪು ನೀರನ್ನು ಏನು ಮಾಡುತ್ತಾರೆ? ದಿನಕ್ಕೆ ಎಷ್ಟು ಟ್ರ್ಯಾಕ್ಟರ್ ಯಾವ ಊರಿನ ಮೇಲೆ ಹಾಯುತ್ತವೆ? ಇವು ದಪ್ಪ ವರದಿಯಲ್ಲಿ ಎಲ್ಲೋ ಇರುತ್ತವೆ. ಸಾರಾಂಶದ ಮೊದಲ ಪುಟಕ್ಕೆ ತರಬೇಕು ಅಂತ ನಾನು ಹಟ ಹಿಡಿದೆ. ಸಂಸ್ಥೆಯ ಹಿರಿಯರು ಒಪ್ಪಿದರು. ಅವರ ಬಗ್ಗೆ ನನಗೆ ಆ ಕಾರಣಕ್ಕೇ ಗೌರವ.

ಸಭೆಯ ದಿನ ನಾನು ಸಂಸ್ಥೆಯ ಪರವಾಗಿ ಜನರ ಮಾತು ಬರೆದುಕೊಳ್ಳಲು ಕೂತಿದ್ದೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಎದುರು ಕ್ಯಾಮೆರಾ. ಈ ಸಭೆಯನ್ನು ವಿಡಿಯೊ ಮಾಡಲೇಬೇಕು ಅಂತ ನಿಯಮ. ಒಬ್ಬ ಹಿರಿಯ ಹೆಣ್ಣುಮಗಳು ಮೈಕ್ ಹಿಡಿದು ಹೇಳಿದರು: 'ಚೈತ್ರದಾಗ ಅಂಗಳದಾಗ ಶಾವಿಗಿ ಒಣಾಹಾಕಿದ್ರ ಮ್ಯಾಲ ಕರೀ ಬೂದಿ ಬೀಳತೈತ್ರಿ. ಈಗ ಇರೂ ಕಾರ್ಖಾನಿದ ಹಿಂಗಾತು. ದೊಡ್ಡದಾದ್ರ ನಾವ ಎಲ್ಲಿ ಒಣಾಹಾಕೂಣು?'

ಇದನ್ನು ಎರಡು ರೀತಿ ಬರೆಯಬಹುದು. ಒಂದು, 'ಸಾರ್ವಜನಿಕರು ವಾಯುಮಾಲಿನ್ಯದ ಬಗ್ಗೆ ಆತಂಕ ವ್ಯಕ್ತಪಡಿಸಿದರು.' ಇದಕ್ಕೆ ಉತ್ತರ ಬರೆಯುವುದು ಬಹಳ ಸುಲಭ: 'ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಇನ್ನೊಂದು, ಅವರು ಹೇಳಿದ ಹಾಗೇ: ಈಗಿನ ಕಾರ್ಖಾನೆಯ ಬೂದಿ ಮನೆಯ ಅಂಗಳಕ್ಕೆ ಬೀಳುತ್ತಿದೆ, ಯಾವ ಓಣಿ, ಯಾವ ತಿಂಗಳು, ಸಾಮರ್ಥ್ಯ ಹೆಚ್ಚಾದ ಮೇಲೆ ಇದನ್ನು ತಡೆಯಲು ಏನು ಮಾಡುತ್ತೀರಿ? ಹೀಗೆ ಬರೆದರೆ 'ಸೂಕ್ತ ಕ್ರಮ' ಸಾಲುವುದಿಲ್ಲ. ಚಿಮಣಿಗೆ ಧೂಳು ಹಿಡಿಯುವ ಯಾವ ಉಪಕರಣ ಹಾಕುತ್ತಾರೆ, ಆ ಓಣಿಯಲ್ಲಿ ಗಾಳಿ ಅಳೆಯುತ್ತಾರೋ ಇಲ್ಲವೋ ಅಂತ ಹೇಳಬೇಕಾಗುತ್ತದೆ. ಗಾಳಿಯಲ್ಲಿನ 10 ಮೈಕ್ರಾನ್ ಒಳಗಿನ ಧೂಳಿಗೆ 24 ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಅಂತ ಮಿತಿ ಇದೆ. ಅಳೆದು ತೋರಿಸಬಹುದಾದ ವಿಷಯ ಇದು. ಸಭೆಯಲ್ಲಿ ಬಂದ ಪ್ರತಿ ಆಕ್ಷೇಪಕ್ಕೂ ಅಂತಿಮ ವರದಿಯಲ್ಲಿ ಉತ್ತರ ಇರಬೇಕು ಅಂತ ಅಧಿಸೂಚನೆಯೇ ಹೇಳುತ್ತದೆ. ಪ್ರಶ್ನೆ ಸ್ಪಷ್ಟವಾಗಿ ದಾಖಲಾದರೆ ಉತ್ತರವೂ ಸ್ಪಷ್ಟವಾಗಿ ಕೊಡಬೇಕಾಗುತ್ತದೆ.

ಸಭೆ ಮುಗಿಯುವ ಮೊದಲು, ಜನ ಏನೇನು ಹೇಳಿದರು ಅನ್ನುವುದನ್ನು ಕನ್ನಡದಲ್ಲಿ ಓದಿ ಹೇಳಬೇಕು. ಆಮೇಲೆ ನಡಾವಳಿಯ ಪ್ರತಿಯನ್ನು ಪಂಚಾಯ್ತಿ ಕಚೇರಿಯಲ್ಲಿ ಹಚ್ಚಬೇಕು. ಊಟದ ಹೊತ್ತಾಯಿತು ಅಂತ ಎದ್ದು ಹೋಗುವವರೇ ಜಾಸ್ತಿ. ನಿಮ್ಮ ಊರಿನಲ್ಲಿ ಇಂಥ ಸಭೆ ಆದರೆ ದಯವಿಟ್ಟು ಕೊನೆಯ ತನಕ ಕೂರಿ. ನಿಮ್ಮ ಮಾತು ಓದಿದರಾ, ಓದಿದ್ದು ನೀವು ಹೇಳಿದ್ದೇನಾ ಅಂತ ಕೇಳಿಸಿಕೊಳ್ಳಿ. ಬಾಯಿಯಿಂದ ಹೇಳುವುದರ ಜೊತೆಗೆ ಬರೆದೂ ಕೊಡಿ. ಓದು ಬಾರದ ಅಜ್ಜನ ಪರವಾಗಿ ನೀವು ಬರೆದುಕೊಡಬಹುದು. ಅವರು ಹೇಳಿದ ಹಾಗೇ ಬರೆಯಿರಿ, ನಿಮ್ಮ ಮಾತು ಸೇರಿಸಬೇಡಿ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: 'ಮೇಡಂ, ನಾವು ಬಿ.ಎ. ಕನ್ನಡ ಮೇಜರ್. ನಮ್ಮನ್ನು ಇಂಥ ಕಡೆ ತಗೊಳ್ತಾರಾ?' ತಗೊಳ್ತಾರೆ. ವಿಜ್ಞಾನ ಗೊತ್ತಿರುವವರು ಅವರಲ್ಲಿ ಇದ್ದಾರೆ. ಊರಿನವರ ಹತ್ತಿರ ಕೂತು ಮಾತಾಡಿ, ಅದನ್ನು ಒಂದು ಪುಟದಲ್ಲಿ ತಪ್ಪಿಲ್ಲದೆ ಬರೆಯುವವರು ಕಡಿಮೆ. ಆದರೆ ಸೇರುವ ಮೊದಲೇ ಕೆಲವನ್ನು ಕೇಳಿ ತಿಳಿದುಕೊಳ್ಳಿ. ನಾನು ಬರೆದದ್ದನ್ನು ಯಾರು ಓದುತ್ತಾರೆ, ಯಾರು ತಪ್ಪು ನೋಡುತ್ತಾರೆ? ಹೊಲಕ್ಕೆ, ಊರಿಗೆ ಕರೆದುಕೊಂಡು ಹೋಗುತ್ತೀರಾ? ಬಸ್ ಚಾರ್ಜ್ ಯಾರು ಕೊಡುತ್ತಾರೆ, ಸಂಬಳ ಅಂತ ಸ್ವಲ್ಪವಾದರೂ ಇದೆಯಾ? ನಾಚಿಕೆ ಬೇಡ, ಹಳ್ಳಿಯಿಂದ ದಿನಾ ಬಂದು ಹೋಗುವವರಿಗೆ ಬಸ್ ಚಾರ್ಜೇ ದೊಡ್ಡ ವಿಷಯ. ನೀರಿನ ಫಲಿತಾಂಶ ಆ ನೀರು ಕುಡಿಯುವವರಿಗೆ ತಿಳಿಸುತ್ತೀರೋ ಇಲ್ಲವೋ ಅನ್ನುವುದನ್ನೂ ಕೇಳಿ. ಇಲ್ಲ ಅಂದರೆ ಆ ಜಾಗ ಬಿಡಿ.

ಇನ್ನೊಬ್ಬರು ಕೇಳಿದ್ದು, ಈಗಿನಿಂದಲೇ ಏನು ಅಭ್ಯಾಸ ಮಾಡಬೇಕು ಅಂತ. ನಿಮ್ಮ ಓಣಿಯ ನೀರಿನ ಟ್ಯಾಂಕನ್ನು ಯಾವಾಗ ತೊಳೆದರು, ಯಾರು ತೊಳೆಯಬೇಕು, ಯಾರನ್ನು ಕೇಳಬೇಕು ಅಂತ ವಿಚಾರಿಸಿ ಅರ್ಧ ಪುಟ ಬರೆಯಿರಿ. ಬರೆದದ್ದನ್ನು ಮನೆಯಲ್ಲಿ ಅವ್ವನಿಗೆ ಓದಿ ಹೇಳಿ. ಅವ್ವ ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ಗೆರೆ ಹಾಕಿ, ಮತ್ತೆ ಬರೆಯಿರಿ.

ರವದಿಯ ಕರಪತ್ರದ ಪ್ರತಿಗಳನ್ನು ತಂದಿದ್ದೇನೆ, ಹಿಂದಿನ ಮೇಜಿನ ಮೇಲೆ ಇವೆ. ಅಕ್ಟೋಬರ್, ನವೆಂಬರ್‌ಗೆ ಕಾರ್ಖಾನೆಗಳು ಶುರುವಾಗುತ್ತವೆ, ಗ್ಯಾಂಗ್‌ಗಳು ಬರುತ್ತವೆ. ಹೊಲ ಇದ್ದವರು ಒಂದೇ ಪ್ರತಿ ತಗೊಳ್ಳಬೇಡಿ. ಸುತ್ತ ಎಷ್ಟು ಹೊಲ ಇವೆಯೋ ಅಷ್ಟು ತಗೊಂಡು ಹೋಗಿ.